ಐಸ್ ಮೇಲಿನ ಪಂಕ್ತಿ

ಅಕ್ಕನ ಗ್ಯಾರೇಜಿನ ಬಾಗಿಲು ಎತ್ತಿದೊಡನೆ ಮೂಗಿಗೆ ಬಡಿದದ್ದು ಮೀನಿನ ವಾಸನೆ. ಒದ್ದೆ ಉಣ್ಣೆ, ರಬ್ಬರ್ ಬೂಟು, ಬಕೆಟ್ಟಿನ ತಳದಲ್ಲಿ ಒಣಗಿದ ಮರಿಮೀನು, ತುಕ್ಕು ಹಿಡಿದ ಕಬ್ಬಿಣ, ಎಲ್ಲ ಸೇರಿದ ವಾಸನೆ ಅದು. ಅಕ್ಕ ಹೋಗಿ ಎರಡು ತಿಂಗಳಾಗಿದ್ದವು. ಅವಳ ಸೀರೆಗಳನ್ನು ಕೊಟ್ಟಾಗ, ಔಷಧಿಯ ಬಾಟಲಿಗಳನ್ನು ಎಸೆದಾಗ ಬಾರದ ಅಳು ಈ ವಾಸನೆಗೆ ಬಂತು. ಗೋಡೆಗೆ ಒರಗಿಸಿದ್ದ ಹಾರೆಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ.

ಆ ಹೊತ್ತಿಗೇ ಇಲ್ಲಿನ ಕನ್ನಡದವರ ಗುಂಪಿನ ಗಿರೀಶರ ಫೋನ್ ಬಂತು.

"ಗಣಪತಿಯವರೇ, ಈ ಸಲದ ನಮ್ಮ ಐಸ್ ಫಿಶಿಂಗ್ ಪೂರ್ತಿ ವಿಮಲಕ್ಕನ ಮೆಮರಿಗೆ ಡೆಡಿಕೇಟ್ ಮಾಡ್ತಿದೀವಿ. ಅಕ್ಕನ ಫೋಟೋ ಹಾಕಿ ಟೀ ಶರ್ಟ್ ಪ್ರಿಂಟ್‌ಗೆ ಕೊಟ್ಟಾಯ್ತು. ಅಕ್ಕನ ಹತ್ರ ಒಂದು ಐಸ್ ಬಾರ್ ಇತ್ತಲ್ಲ, ಐಸ್ ಕುಟ್ಟೋ ಹಾರೆ, ಅದನ್ನ ತನ್ನಿ, ಫೋಟೋ ಪಕ್ಕ ಇಟ್ಟು ಹೂ ಹಾಕೋಣ. ನೀವು ಎರಡು ಮಾತಾಡ್ಬೇಕು."

"ನೋಡುವ" ಎಂದೆ.

ನನಗೆ ಮಾತು ಹೆಚ್ಚು ಬರುವುದಿಲ್ಲ. ಓದಿದ್ದು ಅಂಕೋಲೆಯಲ್ಲಿ ಪಿಯುಸಿಯವರೆಗೆ. ಇಲ್ಲಿ ಅಮೆರಿಕದ ಪಾರ್ಸಿಪನಿ ಎಂಬ ಊರಿನ ಇಂಡಿಯನ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ. ಆದರೆ ನನಗೆ ಬರುವ ಎರಡು ಮಾತನ್ನೇ ಅಲ್ಲಿ ಆಡಿದರೆ ಅವರು ಟೀ ಶರ್ಟುಗಳನ್ನು ಬಿಚ್ಚಿ ಮಡಿಸಿಡಬೇಕಾದೀತು. ಅದಕ್ಕೇ ಆಡುವುದಕ್ಕಿಂತ ಬರೆಯುವುದು ಲೇಸು ಅನ್ನಿಸಿತು.

ನಾನು ಅಕ್ಕನ ಮನೆಗೆ ಬಂದ ಮೊದಲ ಚಳಿಗಾಲದ ಮಾತು ಇದು. ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಭಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಸಮುದ್ರದ ದಂಡೆಯಲ್ಲಿ ಬೆಳೆದವಳಿಗೆ ನಮ್ಮ ಅಂಗಡಿಯ ಫ್ರೀಜರಿನ ಬಂಗಡೆ ಕಂಡರೆ ಸಿಟ್ಟು. "ಅದು ಸತ್ತು ವರ್ಷಾಂತಿಕ ಆದ ಮೀನು ಮಾರಾಯ. ಅದನ್ನು ಸಾರು ಮಾಡೂದಲ್ಲ, ತಿಥಿ ಮಾಡ್ಬೇಕು" ಎನ್ನುತ್ತಿದ್ದಳು. ಲ್ಯಾಬಿನಲ್ಲಿ ಜೊತೆಗಿದ್ದ ಒಬ್ಬ ಅಮೆರಿಕನ್ ಹೆಂಗಸು ಅವಳನ್ನು ಒಮ್ಮೆ ಹೊಪಾಟ್ಕಾಂಗ್ ಸರೋವರಕ್ಕೆ ಕರೆದುಕೊಂಡು ಹೋಗಿ, ಐಸಿನಲ್ಲಿ ತೂತು ಕೊರೆದು ಮೀನು ಹಿಡಿಯುವುದನ್ನು ಕಲಿಸಿದ್ದಳಂತೆ. ಆಮೇಲೆ ಅಕ್ಕ ಚಳಿಗಾಲವನ್ನು ಬೈಯುವುದನ್ನು ಬಿಟ್ಟಳು.

ಡಿಸೆಂಬರಿನ ಒಂದು ಬೆಳಿಗ್ಗೆ ನನ್ನನ್ನೂ ಎಬ್ಬಿಸಿ ಕರೆದುಕೊಂಡು ಹೋದಳು. ಎಂಬತ್ತನೇ ನಂಬರಿನ ಹೆದ್ದಾರಿಯಲ್ಲಿ ಅರ್ಧ ಗಂಟೆ. ದೊಡ್ಡ ನೀರು ಅದು. ಆಚೆ ದಡದ ಮನೆಗಳು ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದವು. ಗಾಳಿಗೆ ತಡೆ ಎಂಬುದಿಲ್ಲ; ಕಣ್ಣಿನ ನೀರು ಕೆನ್ನೆಗೆ ಇಳಿಯುವ ಮೊದಲೇ ಬಿಗಿಯುತ್ತಿತ್ತು. ಅಕ್ಕ ನನ್ನ ಕೊರಳಿಗೊಂದು ದಾರ ಹಾಕಿದಳು. ದಾರದ ಎರಡು ತುದಿಗೆ ಎರಡು ಮರದ ಹಿಡಿ, ಹಿಡಿಯ ತುದಿಯಲ್ಲಿ ಚೂಪು ಮೊಳೆ. ಐಸ್ ಒಡೆದು ಬಿದ್ದರೆ ಎರಡೂ ಕೈಯಲ್ಲಿ ಮೊಳೆ ಹಿಡಿದು ಅಂಚಿಗೆ ಚುಚ್ಚಿ ಮೇಲೆ ತೆವಳಬೇಕು. ಅವಳ ಕೊರಳಲ್ಲೂ ಅಂಥದೇ ಒಂದು.

"ತಾಳಿ ನನ್ನನ್ನು ಎಂತ ಕಾಯ್ಲಿಲ್ಲ. ಇದಾದ್ರೂ ಕಾಯ್ತದೆ" ಎಂದಳು. ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳೇ ನಕ್ಕಳು.

ಅವಳ ನಡಿಗೆಗೆ ಒಂದು ಕ್ರಮವಿತ್ತು. ಮುಂದೆ ಅವಳು, ಕೈಯಲ್ಲಿ ಹಾರೆ. ಕಾಲು ಮುಂದಿಡುವ ಮೊದಲು ಹಾರೆಯಿಂದ ಕುಟ್ಟುವುದು. ಗಟ್ಟಿ ಐಸ್ ಆದರೆ ಕಲ್ಲಿಗೆ ಹೊಡೆದಂಥ ಸದ್ದು. ಹಾಳು ಐಸ್ ಆದರೆ ಸದ್ದು ಸತ್ತಿರುತ್ತದೆ, ಎರಡನೇ ಪೆಟ್ಟಿಗೆ ನೀರು ಚಿಮ್ಮುತ್ತದೆ. ಕಪ್ಪಾಗಿ ಗಾಜಿನಂತೆ ಕಾಣುವುದನ್ನು ನಂಬಬಹುದು, ಬೆಳ್ಳಗೆ ಹಾಲಿನಂತೆ ಕಾಣುವುದನ್ನು ಅರ್ಧವೂ ನಂಬಬಾರದು. ನಾಲ್ಕಿಂಚು ಇಲ್ಲದ ಕಡೆ ಕಾಲೇ ಇಡಬಾರದು, ಗುಂಪಿಗೆ ಅದೂ ಸಾಲದು. ದೋಣಿ ಕಟ್ಟುವ ಕಟ್ಟೆಗಳ ಹತ್ತಿರ ಹೋಗಲೇಬಾರದು. ಮರದ ಕಂಬ ಹಾಳಾಗದಿರಲೆಂದು ಜನ ಅಲ್ಲಿ ಮೋಟಾರು ಹಾಕಿ ನೀರು ಕಲಕುತ್ತಿರುತ್ತಾರೆ, ಐಸ್ ದಪ್ಪ ಕಟ್ಟುವುದಿಲ್ಲ. ನಾನು ಹಿಂದೆ ಜಾರುಗಾಡಿ ಎಳೆದುಕೊಂಡು, ಅವಳಿಂದ ಒಂದು ಹಗ್ಗದ ದೂರದಲ್ಲಿ ಬರಬೇಕು. ಹತ್ತಿರ ಬಂದರೆ ಬೈಗುಳ.

"ದೂರ! ದೂರ ನಿಲ್ಲೋ ತಮಾ! ಇಬ್ರೂ ಒಟ್ಟಿಗೆ ಬಿದ್ರೆ ಅಮ್ಮನಿಗೆ ಫೋನ್ ಮಾಡೂದು ಯಾರು?"

ಒಬ್ಬಳೇ ಯಾವತ್ತೂ ಐಸ್ ಮೇಲೆ ಹೋದವಳಲ್ಲ. ಜೊತೆಗೆ ಬರುವವರಿಲ್ಲದ ದಿನ ಎಷ್ಟೇ ಒಳ್ಳೆಯ ಐಸ್ ಇದ್ದರೂ ಮನೆಯಲ್ಲೇ ಕೂತು ಬೇಳೆ ಸಾರು ಉಣ್ಣುತ್ತಿದ್ದಳು.

ಮೀನು ಹಿಡಿಯುವುದರಲ್ಲೂ ಹಾಗೆಯೇ. ನೀರಿನಡಿ ಗಿಡ ಮುಗಿದು ಆಳ ಶುರುವಾಗುವ ಅಂಚಿನಲ್ಲಿ, ಒಂದಕ್ಕೊಂದು ದೂರವಾಗಿ ತೂತು ಕೊರೆಯುವುದು. ಅತಿ ಸಣ್ಣ ಗಾಳ, ಅದಕ್ಕೊಂದು ಬಿಳಿ ಹುಳ. ತಳ ಮುಟ್ಟಿಸಿ ಅಂಗೈಯಷ್ಟು ಮೇಲೆತ್ತಿ, ಅಲುಗಿಸಿಯೂ ಅಲುಗಿಸದ ಹಾಗೆ ಹಿಡಿದಿರುವುದು. ಚಳಿಗೆ ಮೀನಿಗೂ ಮೈಭಾರ, ಓಡಿ ಬಂದು ಕಚ್ಚುವುದಿಲ್ಲ; ಸಣ್ಣ ಮಗು ಸೆರಗು ಹಿಡಿದು ಎಳೆದಷ್ಟೇ ಗೊತ್ತಾಗುವುದು. ಬರದಿದ್ದರೆ ಅಲ್ಲೇ ಕೂತು ಜಪ ಮಾಡುವುದಲ್ಲ, ಮುಂದಿನ ತೂತಿಗೆ ಹೋಗುವುದು. ಮೈಮೇಲೆ ಪಟ್ಟೆಯಿರುವ ಹಳದಿ ಪರ್ಚ್ ಮೀನು ಹಿಂಡಿನಲ್ಲಿ ಬರುತ್ತದೆ. ಒಂದು ಸಿಕ್ಕಿದರೆ ಹತ್ತು ಸಿಕ್ಕುತ್ತದೆ. ಆ ಸಂಜೆ ರವೆ ಹಚ್ಚಿ ಹುರಿದ ಪರ್ಚ್ ತಿಂದು ನಾನು ಊರು ಬಿಟ್ಟ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಗಿರೀಶರ ಗುಂಪು ಕೂಡ ಅದೇ ಸರೋವರಕ್ಕೆ ಬರುತ್ತಿತ್ತು. ಮನ್ರೋದಿಂದ ಕೆಲವರು, ಹ್ಯಾರಿಸನ್‌ನಿಂದ ಕೆಲವರು, ಎಲ್ಲ ಕನ್ನಡದವರು. ಗಿರೀಶ ಬೆಂಗಳೂರಿನವರು, ಆಫೀಸಿನಲ್ಲಿ ಮ್ಯಾನೇಜರ್. ಐಸ್ ಮೇಲೂ ಮ್ಯಾನೇಜರ್. ಅವರ ಬಳಿ ಮೀನೊಂದು ಬಿಟ್ಟು ಎಲ್ಲವೂ ಇತ್ತು. ಬಿಚ್ಚಿದರೆ ಮನೆಯಾಗುವ ಡೇರೆ, ಡೇರೆಗೊಂದು ಹೀಟರ್, ನೀರಿನಡಿಯ ಮೀನನ್ನು ಪರದೆಯ ಮೇಲೆ ತೋರಿಸುವ ಯಂತ್ರ. ಪರದೆಯ ಮೇಲೆ ಮೀನು ಕಂಡೊಡನೆ ಎಲ್ಲರೂ ಓಡಿ ಬಂದು "ಅಲ್ನೋಡು, ಅಲ್ನೋಡು" ಎಂದು ಕುಣಿಯುವರು. ಮೀನು ಮರ್ಯಾದೆ ಉಳಿಸಿಕೊಂಡು ಬೇರೆ ಊರಿಗೆ ಹೋಗುವುದು. ಮೋಟಾರಿನ ಬೈರಿಗೆ ಸಿಕ್ಕಿದ ಖುಷಿಗೆ ಒಬ್ಬೊಬ್ಬರೂ ತಮಗೊಂದು ತೂತು ಎಂದು ಕೊರೆಯುವರು, ಅದೂ ಪಕ್ಕಪಕ್ಕದಲ್ಲೇ. ಹರಟೆಗೆ ಅನುಕೂಲವಾಗಬೇಕಲ್ಲ. ಅವರು ಕೂತಿದ್ದ ಜಾಗ ಇಡ್ಲಿ ತಟ್ಟೆಯ ಹಾಗೆ ಕಾಣುತ್ತಿತ್ತು.

ತೂತುಗಳನ್ನು ದೂರ ದೂರ ಕೊರೆಯಿರಿ ಎಂದು ಅಕ್ಕ ಒಂದೆರಡು ಸಲ ಹೇಳಿದಳು. "ಐಸ್ ಪೊಲೀಸ್ ಬಂದ್ರು, ಲೈಸೆನ್ಸ್ ತೆಗೀರಪ್ಪ" ಎಂದು ನಕ್ಕರು. ಆದರೂ ಸಂಜೆ ಖಾಲಿ ಕೈಯಲ್ಲಿ ಮನೆಗೆ ಹೋಗುವಾಗ ಮೀನು ತಿನ್ನುವವರೆಲ್ಲ ಅಕ್ಕನ ಬಕೆಟ್ಟಿನ ಸುತ್ತ ಸುಳಿಯುವರು. ಅಕ್ಕ ಕೊಡುವಳು. ಆ ಮೀನು ಹಿಡಿದುಕೊಂಡು ಅವರು ತೆಗೆಸಿಕೊಂಡ ಫೋಟೋಗಳನ್ನು ನಾನು ಆಮೇಲೆ ನೋಡಿದ್ದೇನೆ.

ಸಂಕ್ರಾಂತಿಯ ಶನಿವಾರ ಬಂತು. ಅದಕ್ಕೆ ಮೊದಲಿನ ದಿನಗಳಲ್ಲಿ ಚಳಿ ಸಡಿಲವಾಗಿ ಮಳೆ ಬಂದು, ಮೇಲೆ ಹಿಮ ಬಿದ್ದು, ಮತ್ತೆ ಗಡ್ಡೆ ಕಟ್ಟಿತ್ತು. ನೋಡಲು ಚೆಂದ. ನಾವು ಹೋಗುವಷ್ಟರಲ್ಲಿ ಗುಂಪು ಬಂದು, ಕಾರು ನಿಲ್ಲಿಸುವ ಜಾಗಕ್ಕೆ ಹತ್ತಿರ ಎಂದು, ದೋಣಿಕಟ್ಟೆಯ ಪಕ್ಕದ ಐಸಿನ ಮೇಲೇ ಬಿಡಾರ ಹೂಡಿತ್ತು. ಗ್ಯಾಸಿನ ಒಲೆ, ಅದರ ಮೇಲೆ ಬಿಸಿಬೇಳೆ ಬಾತಿನ ದೊಡ್ಡ ಡಬರಿ. ಗಿರೀಶರ ಹೆಂಡತಿ ಸುಮಾ ಉದ್ದಕ್ಕೆ ಜಮಖಾನೆಗಳನ್ನು ಹಾಸುತ್ತಿದ್ದರು. ಬಾಳೆಎಲೆ ಕೂಡ ತಂದಿದ್ದರು. ಈ ವರ್ಷ ಐಸಿನ ಮೇಲೆ ಪಂಕ್ತಿ ಊಟ ಎಂದು ತೀರ್ಮಾನವಾಗಿತ್ತಂತೆ.

ಅಕ್ಕ ಅಲ್ಲೇ ಪಕ್ಕದಲ್ಲಿ ಹಾರೆ ಹಾಕಿದಳು. ಸದ್ದು ಸತ್ತಿತ್ತು. ಎರಡನೇ ಪೆಟ್ಟಿಗೆ ಹಾರೆಯ ತುದಿ ಒದ್ದೆಯಾಗಿ ಬಂತು.

"ಗಿರೀಶ, ಇಲ್ಲಿ ಬೇಡ. ಊಟ ದಡದ ಮೇಲೆ ಮಾಡಿ. ಟೇಬಲ್ ಉಂಟಲ್ಲ."

"ಟೇಬಲ್ ಮೇಲೆ ಊಟ ಮಾಡೋಕೆ ಮನ್ರೋದಿಂದ ಇಷ್ಟು ದೂರ ಡ್ರೈವ್ ಮಾಡ್ಬೇಕಾ ಅಕ್ಕಾ?"

"ಹಾಗಾದ್ರೆ ದೂರ ದೂರ ಕೂತು ಉಣ್ಣಿ."

"ದೂರ ದೂರ ಕೂರೋಕೆ ನಾವೇನು ಜಗಳ ಆಡಿದೀವಾ?" ಎಲ್ಲರೂ ನಕ್ಕರು. ಗಿರೀಶ ನಡುನೀರಿನ ಮೇಲೆ ಓಡುತ್ತಿದ್ದ ಹಿಮದ ಮೋಟಾರು ಬಂಡಿಯ ಕಡೆ ಕೈ ತೋರಿಸಿದರು. "ಅಲ್ನೋಡಿ, ಸ್ನೋಮೊಬೈಲೇ ಹೋಗ್ತಿದೆ. ಅದರ ವೇಯ್ಟ್ ಎಷ್ಟು ಗೊತ್ತಾ?"

"ಅದು ಓಡ್ತಾ ಹೋಗ್ತದೆ ಮಾರಾಯ. ಕೂತು ಮೊಸರನ್ನ ಕಲಸೂದಿಲ್ಲ."

ಅಷ್ಟು ಹೇಳಿ ಅಕ್ಕ ಹಾರೆ ಕುಟ್ಟುತ್ತ ಮುಂದೆ ಹೋದಳು, ಒಂದು ಹಗ್ಗದ ದೂರದಲ್ಲಿ ನಾನು. ಆ ದಿನ ಮೀನು ಚೆನ್ನಾಗಿ ಕಚ್ಚುತ್ತಿತ್ತು. ಆದರೆ ಅಕ್ಕನ ಗಮನ ಗಾಳದಲ್ಲಿರಲಿಲ್ಲ, ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದಳು. ಎದುರುಬದುರಾಗಿ ಎರಡು ಸಾಲು ಕೂತಾಗಿತ್ತು. ಮಕ್ಕಳು ಊಟ ಮುಗಿಸಿ ಸಾಲಿನ ತುದಿಯಲ್ಲಿ ಕುಣಿಯುತ್ತಿದ್ದರು.

"ತಮಾ, ಆ ಮಕ್ಕಳ ಬೂಟು ಎಂತಕ್ಕೆ ಹೊಳೀತಾ ಉಂಟು?"

ನಾನು ನೋಡಿದೆ. ಮಕ್ಕಳು ಕಾಲು ಬಡಿದಾಗ ನೀರು ಹಾರುತ್ತಿತ್ತು. ಅಕ್ಕ ದಾರ ಸುತ್ತಲಿಲ್ಲ, ಗಾಳವನ್ನು ಅಲ್ಲೇ ಬಿಟ್ಟಳು.

ಅವಳು ಓಡಲಿಲ್ಲ. ಹಗ್ಗದ ಒಂದು ತುದಿ ನನಗೆ ಕೊಟ್ಟು, ಸುತ್ತು ಹಾಕಿ ದಡಕ್ಕೆ ಹೋಗಿ ನಿಲ್ಲಲು ಹೇಳಿದಳು. ನಾನು ಹತ್ತಿರವಾದಂತೆ ಎಲ್ಲ ಸ್ಪಷ್ಟವಾಗಿ ಕಂಡಿತು. ಅಷ್ಟು ಜನರ ಭಾರಕ್ಕೆ ಐಸ್ ಹಳೆಯ ಮಂಚದಂತೆ ಜಗ್ಗಿ, ಅವರೇ ಕೊರೆದಿದ್ದ ತೂತುಗಳಿಂದ ನೀರು ಉಕ್ಕಿ ಜಮಖಾನೆಯಡಿ ಹರಡುತ್ತಿತ್ತು.

"ಯಾರೋ ನೀರು ಚೆಲ್ಲಿದಾರೆ ನೋಡಿ, ಟಿಶ್ಯೂ ಕೊಡಿ" ಎಂದರು ಸುಮಾ.

ಯಾರೂ ಏಳಲಿಲ್ಲ. ಏಳುವಂತಿರಲಿಲ್ಲ. ಸಾಲಿನ ನಡುವೆ ಸುಮಾ ಅವರ ತಂದೆ ರಾಮಚಂದ್ರ ಅಂಕಲ್ ಕೂತಿದ್ದರು, ಮೈಸೂರಿನವರು, ಎಲ್ಲರಿಗಿಂತ ಹಿರಿಯರು. ಅವರು ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸುತ್ತಿದ್ದರು. ಹಿರಿಯರ ಊಟ ಮುಗಿಯದೆ ಪಂಕ್ತಿಯಿಂದ ಏಳಬಾರದು. ಆಫೀಸಿನಲ್ಲಿ ಮೀಟಿಂಗ್ ಮುಗಿಯುವ ಮೊದಲೇ ಎದ್ದುಹೋಗುವ ಜನ, ಪ್ಯಾಂಟು ಒದ್ದೆಯಾಗುತ್ತಿದ್ದರೂ ಎಲೆಯ ಮುಂದೆ ಅಲುಗದೆ ಕೂತಿದ್ದರು. ಇಷ್ಟು ಸಂಸ್ಕಾರವನ್ನು ನಾನು ಅವರಲ್ಲಿ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಏಳಿ! ತುದಿಯವರು ಮೊದ್ಲು! ಒಬ್ಬೊಬ್ರೇ! ಓಡ್ಬೇಡಿ, ದೂರ ದೂರ ಹೋಗಿ!" ಅಕ್ಕ ಕೂಗಿದಳು. ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಮಕ್ಕಳು ಕೂಡಲೇ ಮಾತು ಕೇಳಿದರು. ದೊಡ್ಡವರಲ್ಲಿ ತುದಿಗೆ ಕೂತಿದ್ದ ಹ್ಯಾರಿಸನ್‌ನ ಸಲೀಮ್ ಒಬ್ಬರೇ ಎದ್ದು ನಡೆದರು.

"ಮಾವ ಇನ್ನೂ ಊಟ ಮಾಡ್ತಿದಾರೆ ಅಕ್ಕಾ. ಐದು ನಿಮಿಷ" ಎಂದರು ಗಿರೀಶ.

ಆಗ ಕಾಲಡಿ ಸದ್ದಾಯಿತು. ಹೊಸ ಸೀರೆಯನ್ನು ಉದ್ದಕ್ಕೆ ಹರಿದಂಥ ಸದ್ದು. ಎರಡು ಸಾಲುಗಳ ನಡುವೆ, ಬಡಿಸುವವರು ಓಡಾಡುವ ದಾರಿಯಲ್ಲೇ, ಬಿಳಿ ಗೆರೆಯೊಂದು ಓಡಿಹೋಯಿತು. ಈಗ ಸಂಸ್ಕಾರ ಮುಗಿಯಿತು. ಎಲ್ಲರೂ ಎದ್ದರು. ಅಕ್ಕನ ಬೈಗುಳದ ಬಲದಿಂದ ಮಾತ್ರ ಅವರು ಒಬ್ಬರ ಮೇಲೊಬ್ಬರು ಬೀಳದೆ ಚೆದುರಿ ದಡ ಸೇರಿದರು. ಗಿರೀಶ ಮೊದಲಿಗರಲ್ಲಿ ಒಬ್ಬರು. ಅಂಕಲ್ ಅಲ್ಲೇ ಇದ್ದರು. ಕೂತಲ್ಲಿಂದ ಏಳಲು ಅವರ ಮಂಡಿ ಬಿಡಲಿಲ್ಲ.

ಅಕ್ಕ ಹೊಟ್ಟೆಯ ಮೇಲೆ ಮಲಗಿ ನೀರಿನಲ್ಲಿ ತೆವಳಿಕೊಂಡು ಅವರ ಹತ್ತಿರ ಹೋದಳು. ಹಗ್ಗವನ್ನು ಜಮಖಾನೆಯ ಮೂಲೆಗೆ ಬಿಗಿದಳು. ಒಂದು ಕೈಯಲ್ಲಿ ಅವರ ಮುಂಗೈಯನ್ನು, ಮೊಸರನ್ನ ಮೆತ್ತಿದ ಮುಂಗೈಯನ್ನೇ, ಭದ್ರವಾಗಿ ಹಿಡಿದಳು. "ಎಳೆಯೋ!" ಎಂದಳು. ನಾನು ಎಳೆದೆ. ಸಲೀಮ್ ಕೂಡ ಬಂದು ಕೈ ಹಾಕಿದರು. ಅಂಕಲ್ ಕೂತ ಭಂಗಿಯಲ್ಲೇ ಜಮಖಾನೆಯ ಮೇಲೆ ಜಾರುತ್ತ ದಡಕ್ಕೆ ಬಂದರು. ಎಲೆಗಳು, ಪಲ್ಯ, ಎಳ್ಳುಬೆಲ್ಲ ಎಲ್ಲ ಹಿಂದೆ ಚೆಲ್ಲಾಡಿದವು.

ಒಬ್ಬರಿಗೂ ಏನೂ ಆಗಲಿಲ್ಲ. ಅಕ್ಕ ಮಾಡಿದ ತಪ್ಪು ಅದೇ.

ದಡದಲ್ಲಿ ಅಂಕಲ್ ಹಿಮದಲ್ಲಿ ಕೈ ಉಜ್ಜಿಕೊಂಡರು. "ನನ್ನ ಜನ್ಮದಲ್ಲಿ ನನ್ನನ್ನ ಯಾರೂ ಎಲೆ ಮುಂದಿನಿಂದ ಎಬ್ಬಿಸಿರಲಿಲ್ಲ" ಎಂದರು. ಸುಮಾ ಅಳತೊಡಗಿದರು. ಭಯಕ್ಕೆ ಎಂದು ನಾನು ತಿಳಿದೆ. ಅಲ್ಲ, ಅಪ್ಪನಿಗಾದ ಅವಮಾನಕ್ಕೆ. ಹಿಂದೆ ಯಾರೋ ಒಬ್ಬರು ಮೆಲ್ಲಗೆ, ಆದರೆ ಕೇಳಲಿ ಎಂಬಷ್ಟು ಜೋರಾಗಿ, "ಮೀನು ಹಿಡಿದ ಕೈ ಬೇರೆ" ಎಂದರು. ಗಿರೀಶ ಅಕ್ಕನ ಹತ್ತಿರ ಬಂದರು.

"ಅಕ್ಕಾ, ನಿಮ್ಮ ಇಂಟೆನ್ಶನ್ ಒಳ್ಳೇದೇ. ಆದ್ರೆ ಸ್ವಲ್ಪ ಓವರ್ ಆಯ್ತು. ಅಲ್ನೋಡಿ, ಡಬರಿ ಹಾಗೇ ನಿಂತಿದೆ. ಏನಾಗ್ತಿತ್ತು?"

ಅಕ್ಕನ ಬಟ್ಟೆ ಆಗಲೇ ತಗಡಿನಂತೆ ಗಟ್ಟಿಯಾಗುತ್ತಿತ್ತು. ಹಲ್ಲು ಕಟಕಟಿಸುತ್ತಿತ್ತು. "ಡಬರಿ ಒಂದೇ ಉಂಟಲ್ಲ ಗಿರೀಶ. ಅದರ ಸುತ್ತ ನೀವಿಲ್ಲ" ಎಂದಳು.

ಅದು ಅವರಿಗೆ ಅರ್ಥವಾಗಲಿಲ್ಲ. ಐಸ್ ಒಡೆದು ಒಬ್ಬರಾದರೂ ಮುಳುಗಿ ಎದ್ದಿದ್ದರೆ ಅಕ್ಕ ದೇವತೆಯಾಗುತ್ತಿದ್ದಳು. ಯಾರೂ ಮುಳುಗದ ಹಾಗೆ ನೋಡಿಕೊಂಡದ್ದರಿಂದ, ಉಣ್ಣುವ ಹಿರಿಯರನ್ನು ಎಳೆದಾಡಿದ ಗಯ್ಯಾಳಿಯಾದಳು. ಯುಗಾದಿಗೆ ಅವಳಿಗೆ ಕರೆ ಬರಲಿಲ್ಲ. ಅಂಗಡಿಯಲ್ಲಿ ಸುಮಾ ನನ್ನನ್ನು ಕಂಡರೆ ಬೇಳೆಯ ಸಾಲಿನಿಂದ ಅಕ್ಕಿಯ ಸಾಲಿಗೆ ಹೋಗುವರು. ಹೋಳಿಗೆ ಕೊಡುವ ನೆಪದಲ್ಲಿ ಒಮ್ಮೆ ಮನೆಗೆ ಬಂದವರು ಸಲೀಮ್ ಮಾತ್ರ; ಅವರೂ ಅದೇ ವರ್ಷ ಡಲ್ಲಾಸಿಗೆ ಹೋದರು. ಅಕ್ಕ ಈಗ ಇಬ್ಬರಿಗೆ ಸಾಕಾಗುವಷ್ಟು ಮೀನು ಬಕೆಟ್ಟಿಗೆ ಬಿದ್ದೊಡನೆ ಗಾಳ ಸುತ್ತಿಬಿಡುತ್ತಿದ್ದಳು. ಮೊದಲು ಹಾಗೆ ಮಾಡುತ್ತಿರಲಿಲ್ಲ.

ಆ ಚಳಿಗಾಲ ಮುಗಿಯುವವರೆಗೂ ನಾವು ಹೋದೆವು. ಪಂಕ್ತಿ ಕೂತಿದ್ದ ಜಾಗ ಮತ್ತೆ ಗಡ್ಡೆ ಕಟ್ಟಿತ್ತು. ಡಬರಿಯನ್ನು ಅವರು ಯಾರನ್ನೋ ಹಿಡಿದು ತೆಗೆಸಿಕೊಂಡಿದ್ದರು, ಅದು ತಾಮ್ರದ್ದು. ಎಲೆಗಳು ಉಳಿದಿದ್ದವು. ದಡದಿಂದ ನೋಡಿದರೆ ಒಂದು ಎಲೆ ಐಸಿನೊಳಗೆ ಹಸಿರಾಗಿ ಕಾಣುತ್ತಿತ್ತು, ಅದರ ಮೇಲೆ ಮೊಸರನ್ನದ ಬಿಳಿ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಹಾಗಿತ್ತು. ಪ್ರತಿ ಸಲ ಅಕ್ಕ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಮಾರ್ಚಿನಲ್ಲಿ ಅಂಚು ಕರಗಿ ಎಲೆ ತೇಲಿ ಬಂತು. ಅಕ್ಕ ದಡದಲ್ಲೇ ನಿಂತು ಹಾರೆಯಿಂದ ಅದನ್ನು ಎಳೆದುಕೊಂಡು, ಮಡಿಸಿ, ಕಸದ ಡಬ್ಬಿಗೆ ಹಾಕಿದಳು.

"ಉಂಡ ಎಲೆ ಎತ್ತೂದೂ ನನ್ನ ಪಾಲಿಗೇ ಬಂತು ನೋಡು" ಎಂದಳು.

ಆಮೇಲಿನ ವರ್ಷಗಳನ್ನು ಇಲ್ಲಿ ಬರೆಯುವುದಿಲ್ಲ. ಕಾಯಿಲೆ ಬಂತು, ಬೇಗ ಮುಗಿಸಿತು. ಶೋಕಸಭೆಯನ್ನು ಗಿರೀಶರೇ ಏರ್ಪಡಿಸಿದರು. ಮೈಕ್ ಹಿಡಿದು, ಐಸ್ ಬಿರುಕು ಬಿಟ್ಟ ದಿನ ತಾವೂ ಅಕ್ಕನೂ ಸೇರಿ ಮಾವನವರನ್ನು ಹೇಗೆ ಉಳಿಸಿದೆವು ಎಂದು ವಿವರಿಸಿದರು. ಕಥೆ ಚೆನ್ನಾಗಿತ್ತು. ಕೆಲವರು ಕಣ್ಣೊರೆಸಿಕೊಂಡರು.

ಮೊನ್ನೆಯ ಶನಿವಾರ ನಾನು ಸರೋವರಕ್ಕೆ ಹೋದೆ. ಹಾರೆಯನ್ನು ತೆಗೆದುಕೊಂಡು ಹೋದೆ, ಹೂ ಹಾಕಿಸಲಿಕ್ಕಲ್ಲ. ದಡದ ಟೇಬಲಿನ ಮುಂದೆ ರಾಮಚಂದ್ರ ಅಂಕಲ್ ಒಬ್ಬರೇ ಕಂಬಳಿ ಹೊದ್ದು ಕೂತು ಪುಳಿಯೋಗರೆ ತಿನ್ನುತ್ತಿದ್ದರು. ಟೀ ಶರ್ಟನ್ನು ಜಾಕೆಟ್ಟಿನ ಮೇಲೆಯೇ ತೊಡಿಸಿದ್ದರು. ಅಕ್ಕನ ಮುಖ ಅವರ ಎದೆಯ ಮೇಲೆ ಸುಕ್ಕಾಗಿತ್ತು.

"ನೀವು ಐಸ್ ಮೇಲೆ ಹೋಗ್ಲಿಲ್ವಾ ಅಂಕಲ್?"

"ಇಲ್ಲೇ ಚೆನ್ನಾಗಿದೆ" ಎಂದರು. ಇನ್ನೊಂದು ತುತ್ತು ನುಂಗಿ, "ನಿಮ್ಮಕ್ಕ ತುಂಬಾ ಜೋರು. ಈ ಕೈ ಒಂದು ತಿಂಗಳು ನೋವಿತ್ತು" ಎಂದರು.

"ಹೌದು, ಜೋರು" ಎಂದೆ.

ಅವರು ಮತ್ತೆ ತಿನ್ನತೊಡಗಿದರು. ಆ ಇಡೀ ಗುಂಪಿನಲ್ಲಿ ಏನಾದರೂ ಕಲಿತವರು ಅವರೊಬ್ಬರೇ. ಅದೂ ಕೈ ನೋವಿನಿಂದ.

ಉಳಿದವರು ಐಸಿನ ಮೇಲಿದ್ದರು. ಅಕ್ಕನ ದೊಡ್ಡ ಫೋಟೋವನ್ನು ನಡುವೆ ನಿಲ್ಲಿಸಿ, ಒಬ್ಬರಿಗೊಬ್ಬರು ಒತ್ತಿಕೊಂಡು ಫೋಟೋಗೆ ನಿಲ್ಲುತ್ತಿದ್ದರು. ನಾನು ದಡದ ಅಂಚಿಗೆ ಹೋಗಿ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಕೂಗಿದೆ. "ದೂರ! ದೂರ ದೂರ ನಿಲ್ಲಿ!"

ಅವರಿಗೆ ಕೇಳಿಸಿತು. ಗಿರೀಶ ಸಂತೋಷದಿಂದ ಎರಡೂ ಕೈ ಎತ್ತಿ ಬೀಸಿದರು. ಎಲ್ಲರೂ ಬೀಸಿದರು. ಆಮೇಲೆ ನನಗೂ ಜಾಗ ಮಾಡಲೆಂದು ಇನ್ನಷ್ಟು ಹತ್ತಿರ ಸರಿದು ನಿಂತರು.

ಈ ವರ್ಷ ಐಸ್ ದಪ್ಪಗಿತ್ತು. ಏನೂ ಆಗಲಿಲ್ಲ. ಇನ್ನು ಮುಂದೆ ಇದನ್ನೂ ಅವರು ಬುದ್ಧಿವಂತಿಕೆಯ ಲೆಕ್ಕಕ್ಕೇ ಹಾಕಿಕೊಳ್ಳುತ್ತಾರೆ.

ನಾನು ಅವರ ಕಡೆ ಹೋಗದೆ, ದಡದಗುಂಟ ನಡೆದು, ನಾವು ಯಾವಾಗಲೂ ಇಳಿಯುತ್ತಿದ್ದ ಜಾಗಕ್ಕೆ ಹೋದೆ. ಹಾರೆಯಿಂದ ಒಮ್ಮೆ ಕುಟ್ಟಿದೆ. ಕಲ್ಲಿಗೆ ಹೊಡೆದಂಥ ಸದ್ದು; ಕಪ್ಪು ಐಸ್, ಗಾಜಿನಂಥದು. ಗಿಡ ಮುಗಿದು ಆಳ ಶುರುವಾಗುವ ಅಂಚು ಅಲ್ಲಿಂದ ದೂರವಿಲ್ಲ, ಪರ್ಚ್ ಖಂಡಿತ ಇರುತ್ತಿತ್ತು. ಕೊರಳಲ್ಲಿ ಮೊಳೆಗಳಿದ್ದವು, ಹೆಗಲಿಗೆ ಹಗ್ಗವಿತ್ತು. ಒಂದು ಕಾಲು ಐಸಿನ ಮೇಲಿಟ್ಟು, ಹಗ್ಗದ ಇನ್ನೊಂದು ತುದಿಯನ್ನು ಕೊಡಲು ಹಿಂದೆ ತಿರುಗಿದೆ.

ಅಲ್ಲಿ ಯಾರೂ ಇರಲಿಲ್ಲ. ಕಾಲನ್ನು ಹಿಂದೆ ತೆಗೆದುಕೊಂಡೆ.